ಹಿತ್ತಿಲ ಕೊಳಕ್ಕೆ ರಾತ್ರಿ ಬರುವವರು

ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಸಂಘದ ಸದಸ್ಯರಿಗೆ ‘ಬ್ಯಾಕ್‌ಯಾರ್ಡ್’ ಎಂಬ ಮಾತು ಈಗ ಹೊಸತಲ್ಲ. ಮುಂಬಯಿಯ ನಮ್ಮ ಫ್ಲ್ಯಾಟುಗಳಂಥವನ್ನು ನಾಲ್ಕು ಜೋಡಿಸಿಟ್ಟರೂ ಮಿಗುವಷ್ಟು ಜಾಗ ಅಲ್ಲಿ ಮನೆಯ ಹಿಂದೆ ಹುಲ್ಲು ಬೆಳೆಸಿಕೊಂಡು ಸುಮ್ಮನೆ ಬಿದ್ದಿರುತ್ತದೆ. ಆ ಹುಲ್ಲಿನ ನಡುವೆ ಒಂದು ಪುಟ್ಟ ಕೊಳ ತೋಡಿಸಿ, ನೈದಿಲೆ ನೆಟ್ಟು, ಬಣ್ಣದ ಮೀನು ಬಿಡುವ ಹವ್ಯಾಸ ನಮ್ಮ ಹುಡುಗರಿಗೂ ಹತ್ತಿಕೊಂಡಿದೆ. ಬೇಸಿಗೆಯಲ್ಲಿ ಅಲ್ಲಿಗೆ ಹೋಗುವ ಅಜ್ಜ ಅಜ್ಜಿಯರಿಗೆ ಮೊಮ್ಮಗುವನ್ನು ಆಡಿಸುವುದರ ಜೊತೆಗೆ ಮೀನಿಗೆ ತಿಂಡಿ ಹಾಕುವ ಕೆಲಸವೂ ಬೀಳುತ್ತದೆ. ಸಂತೋಷದ ಕೆಲಸವೇ. ಆದರೆ ಆ ಮೀನುಗಳ ಮೇಲೆ ಕಣ್ಣಿಟ್ಟವರು ನಾವೊಬ್ಬರೇ ಅಲ್ಲ.

ನ್ಯೂಜೆರ್ಸಿಯ ನನ್ನ ಮಗಳ ಮನೆಯಲ್ಲಿ ಒಂದು ಬೆಳಿಗ್ಗೆ ನೈದಿಲೆಯ ಕುಂಡಗಳೆಲ್ಲ ಬೋರಲಾಗಿ ಬಿದ್ದಿದ್ದವು. ನೀರು ಕೆಸರೆದ್ದು ಚಹಾದ ಬಣ್ಣಕ್ಕೆ ತಿರುಗಿತ್ತು. ದಂಡೆಯ ಕಲ್ಲಿನ ಮೇಲೆ ಅರ್ಧ ತಿಂದ ಒಂದು ಮೀನು, ಅದರ ಪಕ್ಕದಲ್ಲಿ ಕೆಸರಿನ ಗುರುತುಗಳು. ಐದು ಬೆರಳು, ಪುಟ್ಟ ಅಂಗೈ; ಗೋಕುಲಾಷ್ಟಮಿಯ ದಿನ ಹೊಸಲಿನಿಂದ ದೇವರ ಕೋಣೆಯವರೆಗೆ ಹಾಕುತ್ತೇವಲ್ಲ, ಕೃಷ್ಣನ ಪಾದ, ಥೇಟ್ ಹಾಗೆಯೇ. “ರಕೂನ್ ಬಂದಿತ್ತಮ್ಮ” ಎಂದಳು ಮಗಳು, ಹಾಲಿನವನು ಬಂದಿದ್ದ ಎನ್ನುವಷ್ಟು ಸಹಜವಾಗಿ.

ರಕೂನ್ ನಮ್ಮ ದೇಶದ ಪ್ರಾಣಿಯಲ್ಲ. ದೊಡ್ಡ ಬೆಕ್ಕಿಗಿಂತ ಒಂದು ಸುತ್ತು ದಪ್ಪ, ಬೂದು ಬಣ್ಣದ ಒತ್ತು ಕೂದಲು, ಬಾಲದಲ್ಲಿ ಕಪ್ಪು ಬಳೆಗಳು, ಕಣ್ಣಿಗೆ ಕಳ್ಳನ ಮುಖವಾಡದಂಥ ಕಪ್ಪು ಪಟ್ಟಿ. ಅದರ ವಿದ್ಯೆಯೆಲ್ಲ ಮುಂಗೈಯಲ್ಲಿದೆ. ಅಲ್ಲಿನ ಮೂಲನಿವಾಸಿಗಳು ಅದಕ್ಕೆ ಇಟ್ಟ ಹೆಸರಿನ ಅರ್ಥವೇ ‘ಕೈಯಿಂದ ಉಜ್ಜುವುದು, ಕೆರೆಯುವುದು’ ಎಂದು. ಇಂಗ್ಲಿಷಿನ ‘ರಕೂನ್’ ಶಬ್ದ ಹುಟ್ಟಿದ್ದು ಅದರಿಂದಲೇ. ಲ್ಯಾಟಿನಿನ ಶಾಸ್ತ್ರೀಯ ಹೆಸರಿನಲ್ಲಿಯೂ ‘ತೊಳೆಯುವವನು’ ಎಂಬ ಮಾತು ಸೇರಿಕೊಂಡಿದೆ. ಬೋನಿನಲ್ಲಿ ಸಾಕಿದಾಗ ಅದು ತಿಂಡಿಯನ್ನು ನೀರಿನಲ್ಲಿ ಅದ್ದಿ ಅದ್ದಿ ತಿನ್ನುವುದನ್ನು ಕಂಡು ಜನ ಹಾಗೆ ಕರೆದರು. ನಮ್ಮ ಅಜ್ಜಿ ನೋಡಿದ್ದರೆ ಭಾರೀ ಮಡಿಯ ಪ್ರಾಣಿ ಎಂದು ಮೆಚ್ಚುತ್ತಿದ್ದರೋ ಏನೋ. ಆದರೆ ಇದು ಶುಚಿತ್ವದ ಮಾತಲ್ಲ. ನೀರಿನೊಳಗೆ ಕೈಯಾಡಿಸಿ ಏಡಿ, ಕಪ್ಪೆ, ಮೀನುಗಳನ್ನು ತಡವಿ ಹಿಡಿಯುವ ಅದರ ಹುಟ್ಟುಗುಣ. ಕಣ್ಣಿನಿಂದ ನೋಡದೆ, ಮುಖವನ್ನು ಬೇರೆಲ್ಲೋ ತಿರುಗಿಸಿಕೊಂಡು, ಬೆರಳಿನಲ್ಲೇ ಹುಡುಕುತ್ತದೆ. ಡಬ್ಬಿಯ ತಳದಲ್ಲಿ ಉಳಿದ ಕೊನೆಯ ಚಕ್ಕುಲಿಗೆ ನಾವು ಕೈ ಹಾಕುವ ಹಾಗೆ.

ಈ ಕೈಯ ಚಳಕವನ್ನು ತಿಳಿದುಕೊಂಡರೆ ಮೀನನ್ನು ಕಾಪಾಡುವ ದಾರಿಯೂ ತಿಳಿಯುತ್ತದೆ. ರಕೂನ್ ಈಜಬಲ್ಲದು. ಆದರೆ ಈಜುತ್ತ ಮೀನನ್ನು ಬೆನ್ನಟ್ಟುವುದು ಅದರ ಜಾಯಮಾನವಲ್ಲ. ಅದಕ್ಕೆ ಕಾಲಿಗೆ ನೆಲ ಸಿಗಬೇಕು, ಕೈಗೆ ತಳ ಸಿಗಬೇಕು. ನಮ್ಮ ಮಗಳ ಮನೆಯ ಕೊಳ ಮಾಡಿಕೊಟ್ಟ ಕಂಟ್ರಾಕ್ಟರು ಗಿಡದ ಕುಂಡಗಳನ್ನು ಇಡಲೆಂದು ಸುತ್ತಲೂ ಒಂದು ಅಡಿ ಆಳದಲ್ಲಿ ಚಂದದ ಮೆಟ್ಟಿಲು ಕಟ್ಟಿದ್ದರು. ಅಲ್ಲಿ ಮಾರಾಟಕ್ಕಿರುವ ಸಿದ್ಧ ಕೊಳಗಳಲ್ಲಿಯೂ ಇಂಥ ಮೆಟ್ಟಿಲು ಇರುವುದು ಸಾಮಾನ್ಯ. ನೋಡಲು ಕಲ್ಯಾಣಿಯ ಹಾಗೆ ಸುಂದರ. ರಕೂನ್‌ಗೆ ಅದು ಊಟದ ಪಂಕ್ತಿಯ ಮಣೆ! ಕುಳಿತು, ಕೈ ಚಾಚಿ, ಒಂದೊಂದೇ ಎತ್ತಿಕೊಳ್ಳುತ್ತದೆ.

ಆದ್ದರಿಂದ ಮೊದಲ ಮಾತು ಆಳದ್ದು. ಮೂರು ಅಡಿಗೆ ಕಡಿಮೆಯಿಲ್ಲದ ಆಳ, ಗೋಡೆ ಬಾವಿಯ ಹಾಗೆ ನೆಟ್ಟಗೆ, ಅಂಚಿನಲ್ಲಿ ಮೆಟ್ಟಿಲಿಲ್ಲ. ಹೀಗಿದ್ದರೆ ಮೀನು ಕೈಗೆಟಕದಷ್ಟು ಕೆಳಗೆ ಇಳಿದುಬಿಡುತ್ತದೆ. ಚಳಿಗಾಲದಲ್ಲಿ ಮೇಲಿನ ನೀರು ಹೆಪ್ಪುಗಟ್ಟಿದಾಗಲೂ ಆ ಆಳವೇ ಅದಕ್ಕೆ ಆಸರೆ. ಎರಡನೆಯದು ಅಡಗುದಾಣ. ತಳದಲ್ಲಿ ಚಪ್ಪಡಿ ಕಲ್ಲುಗಳನ್ನು ಗುಹೆಯಂತೆ ಜೋಡಿಸಬಹುದು. ಇಲ್ಲವೆ ಮೀನು ಸುಲಭವಾಗಿ ತೂರುವಷ್ಟು ಅಗಲದ ಪ್ಲಾಸ್ಟಿಕ್ ಕೊಳವೆಯ ತುಂಡನ್ನು ಮಲಗಿಸಬಹುದು. ನೀರಿನ ಮೇಲ್ಭಾಗದ ಅರ್ಧವನ್ನು ನೈದಿಲೆ ಎಲೆ ಮುಚ್ಚಿದ್ದರೆ ಇನ್ನೂ ಒಳ್ಳೆಯದು. ಹಕ್ಕಿಯ ಕಣ್ಣಿಗೂ ಮರೆ.

ದಾಳಿಯಾದ ಮಾರನೆಯ ದಿನ ಉಳಿದ ಮೀನುಗಳು ಮೇಲೆ ಬರುವುದಿಲ್ಲ, ತಿಂಡಿಯನ್ನೂ ಮುಟ್ಟುವುದಿಲ್ಲ. ಎಲ್ಲವೂ ಹೋದವು ಎಂದು ಕೈಚೆಲ್ಲಬೇಡಿ. ಈ ಜಾತಿಯ ಮೀನಿನ ಚರ್ಮಕ್ಕೆ ಗಾಯವಾದರೆ ಅದರಿಂದ ನೀರಿಗೆ ಒಂದು ರಾಸಾಯನಿಕ ಸೇರುತ್ತದೆ. ಅದರ ವಾಸನೆ ಹಿಡಿದು ಉಳಿದವು ಬೆದರಿ ಅಡಗುತ್ತವೆ. ಜೇನ್ನೊಣಗಳ ಕುಣಿತದ ಅರ್ಥವನ್ನು ಬಿಡಿಸಿ ನೊಬೆಲ್ ಪಡೆದ ಕಾರ್ಲ್ ವಾನ್ ಫ್ರಿಶ್ ಅವರೇ 1938ರಲ್ಲಿ ಇದನ್ನು ವಿವರಿಸಿದವರು. ನಾಲ್ಕಾರು ದಿನ ಸುಮ್ಮನಿದ್ದರೆ ಬದುಕಿದವು ತಾವಾಗಿ ಮೇಲೆ ಬರುತ್ತವೆ. ಅಷ್ಟರಲ್ಲಿ ಹಿಡಿ ಹಿಡಿ ತಿಂಡಿ ಸುರಿದರೆ ಅದು ಕೊಳೆತು ನೀರು ಕೆಡುತ್ತದೆ. ರಾತ್ರಿಯ ಅತಿಥಿಗೆ ಆಮಂತ್ರಣವೂ ಆಗುತ್ತದೆ.

ಅಂಗಡಿಗಳಲ್ಲಿ ಸಿಗುವ ಉಪಾಯಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಮಿನುಗುವ ದೀಪ, ರಾತ್ರಿಯಿಡೀ ಹಚ್ಚಿಟ್ಟ ರೇಡಿಯೊ, ಬೇಟೆಪ್ರಾಣಿಯ ಮೂತ್ರವೆಂದು ಸೀಸೆಯಲ್ಲಿ ಮಾರುವ ದ್ರವ (ಹೌದು, ಅದನ್ನೂ ಮಾರುತ್ತಾರೆ, ಅದನ್ನೂ ಕೊಳ್ಳುತ್ತಾರೆ), ಇವೆಲ್ಲ ನಾಲ್ಕು ದಿನದ ಆಟ. ನುಸಿಗುಳಿಗೆಯನ್ನು ಕೊಳದ ಬಳಿ ಎಂದೂ ಎಸೆಯಬಾರದು. ಅದು ಮೀನಿಗೂ ಮಗುವಿಗೂ ವಿಷ. ಯಾವುದಾದರೂ ಹತ್ತಿರ ಸುಳಿದರೆ ತಾನಾಗಿ ರಭಸದಿಂದ ನೀರು ಚಿಮ್ಮುವ ಯಂತ್ರವೊಂದಿದೆ. ಅದನ್ನು ಆಗಾಗ ಜಾಗ ಬದಲಾಯಿಸಿದರೆ ಕೆಲಸ ಮಾಡುತ್ತದೆ. ಚಳಿಗಾಲದಲ್ಲಿ ನೀರಿನ ಕೊಳವೆಯೇ ಹೆಪ್ಪುಗಟ್ಟುವುದರಿಂದ ಅದೂ ಇಲ್ಲ. ಸಣ್ಣ ಕೊಳಕ್ಕಾದರೆ ಮರದ ಚೌಕಟ್ಟಿಗೆ ಬಿಗಿದ ಗಟ್ಟಿ ತಂತಿಬಲೆಯೇ ಮೇಲು. ಅದನ್ನು ಸುಮ್ಮನೆ ಮೇಲಿಟ್ಟರೆ ಸಾಲದು, ಕೊಕ್ಕೆ ಹಾಕಿ ಬಿಗಿಯಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಚ್. ಬಿ. ಡೇವಿಸ್ ಎಂಬ ಸಂಶೋಧಕರು ರಕೂನ್‌ಗಳ ಮುಂದೆ 13 ಬಗೆಯ ಚಿಲಕಗಳನ್ನು ಇಟ್ಟು ನೋಡಿದರು. 11ನ್ನು ಅವು ಹತ್ತು ಸಲದೊಳಗೆ ತೆರೆದುಬಿಟ್ಟವು. ನಮ್ಮ ಕಟ್ಟಡದ ವಾಚ್‌ಮನ್‌ಗೆ ಟೆರೇಸಿನ ಬಾಗಿಲು ತೆರೆಯಲು ಅದಕ್ಕಿಂತ ಹೆಚ್ಚು ಸಲ ಬೇಕು.

ಇಲ್ಲಿಯವರೆಗೆ ಹೇಳಿದ್ದು ಮೀನಿನ ಕ್ಷೇಮ. ಮೀನಿಗೆ ಕ್ಷೇಮವಾದ ಕೊಳ ಮಗುವಿಗೆ ಎಷ್ಟು ಕ್ಷೇಮ ಎಂಬುದನ್ನು ಯೋಚಿಸಿದಾಗ ಮಾತ್ರ ನನ್ನ ಎದೆ ಝಲ್ಲೆಂದಿತು. ಮೂರು ಅಡಿ ಆಳ, ನೆಟ್ಟಗಿನ ಗೋಡೆ, ಮೆಟ್ಟಿಲಿಲ್ಲ. ಎರಡು ವರ್ಷದ ಕೂಸು ಜಾರಿದರೆ ಹಿಡಿದು ಮೇಲೇರಲು ಏನೂ ಇಲ್ಲ. ಮಕ್ಕಳು ಮುಳುಗುವಾಗ ಸಿನಿಮಾದಲ್ಲಿಯಂತೆ ಕೂಗುವುದಿಲ್ಲ, ಸದ್ದೇ ಇರುವುದಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿ ಬರುವಷ್ಟು ಹೊತ್ತು ಸಾಕು. ರಕೂನ್ ಬಾರದಂತೆ ಕೊಳವನ್ನು ಆಳ ಮಾಡಿಸುತ್ತೇವೆಂದು ಮಕ್ಕಳು ಹೊರಟರೆ, ನಾವು ಹಿರಿಯರು ಬಾಯಿ ತೆರೆಯಬೇಕಾದ ಜಾಗ ಇದು. ಮೊದಲು ಬೇಲಿ, ಆಮೇಲೆ ಆಳ. ಬೇಲಿ ನಾಲ್ಕು ಅಡಿಗೆ ಕಡಿಮೆಯಿಲ್ಲದೆ ಇರಲಿ, ಮಗು ಹತ್ತಲು ಅಡ್ಡಪಟ್ಟಿಗಳಿರದಿರಲಿ, ಗೇಟು ತಾನಾಗಿ ಮುಚ್ಚಿಕೊಳ್ಳುವಂಥದ್ದಾಗಿರಲಿ, ಚಿಲಕ ಮಗುವಿನ ಕೈಗೆ ಎಟಕದಿರಲಿ. ಎಷ್ಟು ಆಳಕ್ಕೆ ಬೇಲಿ ಕಡ್ಡಾಯವೆಂಬ ನಿಯಮ ಅಲ್ಲಿ ಊರಿಂದ ಊರಿಗೆ ಬೇರೆ. ತೋಡುವ ಮುನ್ನ ಪುರಸಭೆಯಲ್ಲಿ ಕೇಳುವುದು ಒಳ್ಳೆಯದು. ಬೇಲಿಗೆ ಹಣವಿಲ್ಲ, ಮನೆಯಲ್ಲಿ ಪುಟ್ಟ ಮಗುವಿದೆ ಎಂದಾದರೆ ನನ್ನ ಅಭಿಪ್ರಾಯದಲ್ಲಿ ಕೊಳ ನಾಲ್ಕೈದು ವರ್ಷ ಕಾಯಲಿ. “ಅಮ್ಮ, ನೀನು ಎಲ್ಲದಕ್ಕೂ ಹೆದರ್ತೀಯ” ಎಂದು ಮಗಳು ನಕ್ಕಳು. ಬೇಲಿಯಂತೂ ಬಂತು.

ಮೊಮ್ಮಕ್ಕಳಿರುವ ಮನೆಗೆ ಇನ್ನೂ ಒಂದು ಎಚ್ಚರಿಕೆ. ರಕೂನ್‌ಗಳಿಗೆ ಒಂದೇ ಜಾಗಕ್ಕೆ ಪದೇ ಪದೇ ಬಂದು ಹಿಕ್ಕೆ ಹಾಕುವ ಅಭ್ಯಾಸ: ಮರದ ಬುಡ, ಸೌದೆಯ ರಾಶಿ, ಮನೆಯ ಹಿಂದಿನ ಮರದ ಜಗಲಿ, ಕೆಲವೊಮ್ಮೆ ಮಕ್ಕಳು ಆಡುವ ಮರಳಿನ ಪೆಟ್ಟಿಗೆ. ಆ ಹಿಕ್ಕೆಯಲ್ಲಿ ಒಂದು ಜಾತಿಯ ಜಂತುಹುಳುವಿನ ಮೊಟ್ಟೆಗಳಿರಬಹುದು. ಎರಡರಿಂದ ನಾಲ್ಕು ವಾರಗಳಲ್ಲಿ ಅವು ಸೋಂಕು ತಗಲಿಸುವಷ್ಟು ಬಲಿಯುತ್ತವೆ, ಆಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಮಣ್ಣು ತಿನ್ನುವ ವಯಸ್ಸಿನ ಮಗುವಿನ ಹೊಟ್ಟೆಗೆ ಹೋದರೆ ಮರಿಹುಳು ಮಿದುಳಿನವರೆಗೂ ತಲುಪಬಹುದು. ಇದು ಅಪರೂಪ, ಆದರೆ ಬಂದರೆ ಘೋರ. ಬ್ಲೀಚಿಂಗ್ ದ್ರಾವಣಕ್ಕೆ ಆ ಮೊಟ್ಟೆಗಳು ಸಾಯುವುದಿಲ್ಲ, ಕುದಿಯುವ ನೀರಿಗೆ ಸಾಯುತ್ತವೆ. ಆದ್ದರಿಂದ ಹಿಕ್ಕೆ ಕಂಡ ದಿನವೇ ಕೈಗವಸು ತೊಟ್ಟು, ಮುಖಕ್ಕೆ ಬಟ್ಟೆ ಕಟ್ಟಿ ಎತ್ತಿಸಿ, ಆ ಜಾಗಕ್ಕೆ ಕುದಿನೀರು ಹೊಯ್ಯಬೇಕು. ಮರಳಿನ ಪೆಟ್ಟಿಗೆಗೆ ರಾತ್ರಿ ಮುಚ್ಚಳವಿರಲಿ.

ರೇಬೀಸಿನ ಮಾತನ್ನೂ ಬಿಡುವಂತಿಲ್ಲ. ನಮ್ಮಲ್ಲಿ ರೇಬೀಸ್ ಎಂದರೆ ನಾಯಿ. ಅಮೆರಿಕದ ಪೂರ್ವ ಕರಾವಳಿಯ ರಾಜ್ಯಗಳಲ್ಲಿ ಅದು ಮುಖ್ಯವಾಗಿ ರಕೂನ್‌ಗಳ ನಡುವೆ ಹರಡಿಕೊಂಡಿದೆ. 1970ರ ದಶಕದ ಕೊನೆಗೆ ಬೇಟೆಗಾರರ ಸಲುವಾಗಿ ದಕ್ಷಿಣದಿಂದ ರಕೂನ್‌ಗಳನ್ನು ಹಿಡಿದು ತಂದು ವರ್ಜೀನಿಯಾದ ಕಡೆ ಬಿಟ್ಟಾಗ ರೋಗವೂ ಜೊತೆಯಲ್ಲಿ ಬಂದು ಉತ್ತರಕ್ಕೆ ಹಬ್ಬಿತು. 1990ರ ದಶಕದಿಂದ ಲಸಿಕೆ ತುಂಬಿದ ತಿಂಡಿಯನ್ನು ಕಾಡುಗಳಲ್ಲಿ ವಿಮಾನದಿಂದಲೂ ಉದುರಿಸುತ್ತಿದ್ದಾರೆ. ಮರಿ ಮುದ್ದಾಗಿದೆಯೆಂದು ಹತ್ತಿರ ಹೋಗಬೇಡಿ. ಕಚ್ಚಿದರೆ, ಪರಚಿದರೆ, ಕೂಡಲೇ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು. ಕಾಗೆಗೆ ಅನ್ನ ಇಡುವ ನಮ್ಮ ರೂಢಿಯನ್ನು ಅಲ್ಲಿ ಮುಂದುವರಿಸುವವರು ಹಗಲೇ ಇಟ್ಟು, ಉಳಿದದ್ದನ್ನು ಸಂಜೆಯೊಳಗೆ ಎತ್ತಿಬಿಡಿ. ಅನ್ನ, ಬೆಕ್ಕಿನ ತಿಂಡಿ, ಮುಚ್ಚಳ ಸಡಿಲವಾದ ಕಸದ ಡಬ್ಬಿ, ಇವುಗಳ ವಾಸನೆ ಹಿಡಿದು ಬಂದದ್ದೇ ಆಮೇಲೆ ಕೊಳವನ್ನು ಕಾಣುವುದು.

ಹಾಗಾದರೆ ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟರಾಯಿತು ಎನ್ನುವಿರಾ? ಅನೇಕ ರಾಜ್ಯಗಳಲ್ಲಿ ಪರವಾನಗಿಯಿಲ್ಲದೆ ಹಾಗೆ ಮಾಡುವುದು ಕಾನೂನಿಗೆ ವಿರುದ್ಧ. ವರ್ಜೀನಿಯಾದ ಕತೆ ಓದಿದ ಮೇಲೆ ಅದರ ಕಾರಣವೂ ಹೊಳೆಯುತ್ತದೆ. ವಸಂತದಲ್ಲಿ ಹಿಡಿದದ್ದು ತಾಯಿಯಾಗಿದ್ದರೆ ಅಟ್ಟದಲ್ಲೋ ಮರದ ಪೊಟರೆಯಲ್ಲೋ ಇರುವ ಮರಿಗಳು ಹಸಿದು ಸಾಯುತ್ತವೆ. ಪರದೇಶಕ್ಕೆ ಒಯ್ದು ಬಿಟ್ಟವರ ಪಾಡು ಇನ್ನೊಂದು ಬಗೆಯದು. 1934ರಲ್ಲಿ ಜರ್ಮನಿಯಲ್ಲಿ ಎರಡು ಜೋಡಿ ಬಿಟ್ಟರು. ಈಗ ಅವು ಅಲ್ಲಿ ಲಕ್ಷಗಟ್ಟಲೆ. ಜಪಾನಿನಲ್ಲಿ 1977ರ ಒಂದು ಮಕ್ಕಳ ಧಾರಾವಾಹಿ ನೋಡಿ ಮನೆಮನೆಗೆ ಮರಿ ತರಿಸಿದರು. ಬೆಳೆದ ಮೇಲೆ ಸಾಕಲಾರದೆ ಕಾಡಿಗೆ ಬಿಟ್ಟರು, ಇಂದು ಹೊಲಗದ್ದೆಗಳಿಗೆ ಅವುಗಳದೇ ಕಾಟ.

ಮೀನು ಸುಳಿವಿಲ್ಲದೆ ಮಾಯವಾಗಿ, ಕುಂಡ ಎಲೆ ಯಾವುದೂ ಕದಲದಿದ್ದರೆ ರಕೂನ್‌ನ ಮೇಲೆ ಗೂಬೆ ಕೂರಿಸಬೇಡಿ. ಅದು ಹೆಚ್ಚಾಗಿ ನೀಲಿ ಬಕದ ಕೆಲಸ. ನಾಲ್ಕು ಅಡಿ ಎತ್ತರದ ಹಕ್ಕಿ. ನಮ್ಮ ಪಂಚತಂತ್ರದ ಬಕಧ್ಯಾನವನ್ನು ಕಣ್ಣಾರೆ ಕಾಣಬೇಕೆಂದರೆ ಅದನ್ನು ನೋಡಬೇಕು. ದಂಡೆಯ ಪಕ್ಕ ಇಳಿದು, ನಡೆದು ನೀರಿಗೆ ಕಾಲಿಡುವುದು ಅದರ ಕ್ರಮ. ಹಾಗಾಗಿ ಕೊಳದ ಸುತ್ತ ಮೊಣಕಾಲಿನೆತ್ತರಕ್ಕೆ ಎರಡು ಸಾಲು ಗಾಳದ ದಾರವನ್ನು ಬಿಗಿದು ಕಟ್ಟಿದರೆ ಎಷ್ಟೋ ತಡೆಯುತ್ತದೆ. ಪ್ಲಾಸ್ಟಿಕ್ ಬಕವನ್ನು ನಿಲ್ಲಿಸಿದರೆ ನಿಜವಾದದ್ದು ಬರುವುದಿಲ್ಲ ಎನ್ನುತ್ತಾರೆ; ಒಂದು ವಾರದಲ್ಲಿ ನಿಜವಾದದ್ದು ಪ್ಲಾಸ್ಟಿಕ್ಕಿನ ಪಕ್ಕದಲ್ಲೇ ನಿಂತಿತ್ತು. ಕಲ್ಲು ಹೊಡೆಯುವ ಯೋಚನೆ ಮಾತ್ರ ಬೇಡ. 1918ರ ವಲಸೆ ಹಕ್ಕಿಗಳ ಕಾಯಿದೆಯ ರಕ್ಷಣೆ ಅದಕ್ಕಿದೆ.

ಈ ತಾಪತ್ರಯವೇ ಬೇಡವೆಂದು ಉಳಿದ ಮೀನುಗಳನ್ನು ಹತ್ತಿರದ ಕೆರೆಗೆ ಬಿಡುವವರಿದ್ದಾರೆ. ಪುಣ್ಯವೆಂದು ತೋರಿದರೂ ಆ ಕೆರೆಗೆ ಅದು ಪೀಡೆ. ಮಿನ್ನೆಸೋಟದ ಬರ್ನ್ಸ್‌ವಿಲ್ ಎಂಬ ಊರಿನ ಕೆರೆಯಲ್ಲಿ 2021ರಲ್ಲಿ ಹೀಗೆ ಬಿಟ್ಟ ಬಂಗಾರದ ಮೀನುಗಳು ಮೊಳದುದ್ದಕ್ಕೆ ಬೆಳೆದು, ತಳ ಕೆದಕಿ ನೀರು ಕೆಡಿಸುತ್ತಿವೆಯೆಂದು ನಗರಾಡಳಿತವೇ ಚಿತ್ರಸಹಿತ ಬೇಡಿಕೊಂಡಿತ್ತು.

ಅಮೆರಿಕದ ಮಾತು ಬಿಡಿ, ನಮಗೇನು ಎನ್ನುವ ಪುಣೆಯ ಬಂಗಲೆಯವರಿಗೆ, ಟೆರೇಸಿನಲ್ಲಿ ನೈದಿಲೆಯ ತೊಟ್ಟಿ ಇಟ್ಟವರಿಗೆ ಎರಡು ಮಾತು. ನಮ್ಮಲ್ಲಿ ರಕೂನ್ ಇಲ್ಲ. ಮಿಂಚುಳ್ಳಿ, ಕೊಳದ ಬಕ, ಕಾಗೆ, ಬೆಕ್ಕು ಇವೆ. ಈ ಹಕ್ಕಿಗಳಿಗೆ ಹಾನಿ ಮಾಡದೆ ಮೀನು ಉಳಿಸಿಕೊಳ್ಳುವುದು ಕಷ್ಟವೇನಲ್ಲ. ತೊಟ್ಟಿಯ ತಳಕ್ಕೆ ಒಡೆದ ಮಣ್ಣಿನ ಮಡಕೆಯೊಂದನ್ನು ಅಡ್ಡ ಹಾಕಿಡಿ, ಮೀನಿಗೆ ಅದೇ ಮನೆ. ಮಳೆಗಾಲದಲ್ಲಿ ತುಂಬಿ ಚೆಲ್ಲಿದಾಗ ಗಪ್ಪಿಗಳು ಮೋರಿಯ ಪಾಲಾಗದಂತೆ ಅಂಚಿಗಿಂತ ನಾಲ್ಕು ಬೆರಳು ಕೆಳಗೆ ತೂತು ಮಾಡಿ ಅದಕ್ಕೆ ಸೊಳ್ಳೆಪರದೆಯ ತುಂಡು ಕಟ್ಟಿ. ಮೇಲಿನ ಬಲೆ ಸಡಿಲವಾಗಿದ್ದರೆ ಹಕ್ಕಿಯ ಕಾಲು ಸಿಕ್ಕಿಕೊಳ್ಳುತ್ತದೆ, ತಂಬೂರಿಯ ತಂತಿಯ ಹಾಗೆ ಬಿಗಿದಿರಬೇಕು. ತೊಟ್ಟಿಯಿಂದ ಒಂದೂವರೆ ಅಡಿ ಮೇಲೆ ಕಟ್ಟಿ, ಹೂವಿನ ಮೊಗ್ಗು ತಲೆಯೆತ್ತಲು ಜಾಗ ಬೇಕು.