ಕೆಂಪು ದೀಪದ ಎರಡು ತುದಿಗಳು

ಕೀಲಿ ತಿರುಗಿಸಿದ್ದೇ ತಡ, ಎದುರಿನ ಫಲಕದಲ್ಲಿ ಪುಟ್ಟದೊಂದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಎಂಜಿನ್ ಇನ್ನೂ ಶುರುವಾಗಿಲ್ಲ. ಬಲಗಡೆ, ಎಡಗಡೆ, ನಡುವೆ ಹೀಗೆ ಚಿಟಿಕೆ ಗಾತ್ರದ ಸ್ವಿಚ್ಚುಗಳು, ಹಿಡಿದು ಎಳೆಯಬೇಕಾದ ಒಂದು ಗುಬುಟು, ತಿರುಗಿಸಬೇಕಾದ ಇನ್ನೆರಡು. ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು? ಹೆಡ್‌ಲೈಟನ್ನು ತಗ್ಗಿಸುವ ಸ್ವಿಚ್ಚಂತೂ ಎಲ್ಲೂ ಕಾಣುವುದಿಲ್ಲ. ಅದು ಇರುವುದು ನೆಲದ ಮೇಲೆ, ಎಡಗಾಲಿನ ಪಕ್ಕ!

ಇದು 1960ರ ದಶಕದ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಮೊದಲ ಸಲ ಕೂತವರ ಪಾಡು. ಆಕ್ಸ್‌ಫರ್ಡಿನ ಸಮೀಪದ ಆಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ಈ ಕಾರು ತಯಾರಾಯಿತು. ಹೊರಬಂದದ್ದು ಐದು ಲಕ್ಷಕ್ಕೂ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಅಮೆರಿಕಕ್ಕೆ ಹೋಯಿತು. ನಮ್ಮ ರಸ್ತೆಗಳಲ್ಲಿ 2019ರಿಂದ ಕಾಣಿಸುತ್ತಿರುವ ಎಂಜಿ ಹೆಕ್ಟರ್ ಹೊತ್ತಿರುವುದೂ ಇದೇ ಹೆಸರನ್ನೇ. ಆದರೆ ಒಡೆಯರು ಬದಲಾಗಿದ್ದಾರೆ, ಕಾರೂ ಬೇರೆ ಜಾತಿಯದು. ಹಳೆಯ ಎಂಜಿಗೆ ನಿಜವಾದ ನೆಂಟಸ್ತಿಕೆ ಇರುವುದು ನಮ್ಮ ಅಂಬಾಸಿಡರ್ ಜೊತೆ. ಅಂಬಾಸಿಡರ್ ದಶಕಗಳ ಕಾಲ ಹೊತ್ತು ತಿರುಗಿದ 1489 ಸಿಸಿ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ-ಸೀರೀಸ್’ ಕುಟುಂಬದ್ದು. ಎಂಜಿಬಿಯ 1798 ಸಿಸಿ ಎಂಜಿನ್ ಅದೇ ಮನೆಯ ತಮ್ಮ. ಅಂದರೆ ಮದುವೆ ದಿಬ್ಬಣಕ್ಕೂ ಮಂತ್ರಿಗಳ ಸವಾರಿಗೂ ಒದಗುತ್ತಿದ್ದ ನಮ್ಮ ಬಡಪಾಯಿ ಕಾರು ಮತ್ತು ಇಂಗ್ಲೆಂಡಿನ ಹುಡುಗರ ಕನಸಿನ ಕಾರು ಒಂದೇ ಬಳ್ಳಿಯ ಕಾಯಿಗಳು. ಹಾಗಾಗಿ ಎಂಜಿಬಿಯ ಕೆಂಪು ದೀಪದ ಗುಟ್ಟನ್ನು ಅಂಬಾಸಿಡರ್ ಓಡಿಸಿದ ಹಿರಿಯರು ಮನೆಯಲ್ಲಿದ್ದರೆ ಅವರ ಬಾಯಿಂದಲೂ ಕೇಳಬಹುದು.

ಆ ದೀಪದಿಂದಲೇ ಶುರುಮಾಡೋಣ. ಇಂಗ್ಲಿಷಿನಲ್ಲಿ ಅದಕ್ಕೆ ಇಗ್ನಿಷನ್ ಲ್ಯಾಂಪ್ ಎಂದು ಹೆಸರು. ಈಗಿನ ಕಾರುಗಳಲ್ಲಿ ಅದೇ ಜಾಗದಲ್ಲಿ ಬ್ಯಾಟರಿಯ ಚಿತ್ರವಿರುತ್ತದೆ. ಎರಡೂ ಹೆಸರು ದಾರಿ ತಪ್ಪಿಸುವಂಥವೇ. ಆ ದೀಪ ಇಗ್ನಿಷನ್ನಿನ ವಿಷಯವನ್ನೂ ಹೇಳುವುದಿಲ್ಲ, ಬ್ಯಾಟರಿಯ ಆರೋಗ್ಯವನ್ನೂ ಹೇಳುವುದಿಲ್ಲ. ಅದು ಏನು ಹೇಳುತ್ತದೆಂದು ತಿಳಿಯಬೇಕಾದರೆ ಅದರ ಎರಡು ತುದಿಗಳು ಎಲ್ಲಿಗೆ ಹೋಗುತ್ತವೆಂದು ನೋಡಬೇಕು.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಬಲ್ಬಿನ ಒಂದು ತುದಿ ಬ್ಯಾಟರಿಯ ಧನಾಗ್ರಕ್ಕೂ ಇನ್ನೊಂದು ಋಣಾಗ್ರಕ್ಕೂ ಸೇರಿರುತ್ತದೆ. ಈ ಬಲ್ಬು ಹಾಗಲ್ಲ. ಇದರ ಒಂದು ತುದಿಗೆ ಕೀಲಿಯ ಮೂಲಕ ಬ್ಯಾಟರಿಯ ವಿದ್ಯುತ್ ಬರುತ್ತದೆ. ಇನ್ನೊಂದು ತುದಿ ಭೂಮಿಗೆ ಹೋಗದೆ ಡೈನಮೋಗೆ ಹೋಗುತ್ತದೆ. ಎಂಜಿನ್ ನಿಂತಿದ್ದಾಗ ಡೈನಮೋ ನಿದ್ದೆಯಲ್ಲಿರುತ್ತದೆ, ಅಲ್ಲಿ ವೋಲ್ಟೇಜ್ ಇಲ್ಲ. ಒಂದು ಕಡೆ 12 ವೋಲ್ಟ್, ಇನ್ನೊಂದು ಕಡೆ ಸೊನ್ನೆ. ವಿಭವಾಂತರ ಇರುವುದರಿಂದ ವಿದ್ಯುತ್ ಹರಿಯುತ್ತದೆ, ದೀಪ ಉರಿಯುತ್ತದೆ. ಎಂಜಿನ್ ಶುರುವಾಗಿ ಡೈನಮೋ ತಿರುಗಿದ ಮೇಲೆ ಅದೂ ವೋಲ್ಟೇಜ್ ಹುಟ್ಟಿಸಿ ಬ್ಯಾಟರಿಗೆ ತುಂಬತೊಡಗುತ್ತದೆ. ಈಗ ಬಲ್ಬಿನ ಎರಡೂ ಬದಿ ಸರಿಸಮ. ಕಾಲುವೆಯ ಎರಡು ತುದಿಯಲ್ಲೂ ನೀರು ಒಂದೇ ಮಟ್ಟದಲ್ಲಿದ್ದರೆ ಹರಿವು ನಿಲ್ಲುವುದಿಲ್ಲವೇ? ಹಾಗೆಯೇ ದೀಪ ಆರುತ್ತದೆ.

ದೀಪ ಆರಿದ್ದು ವಿದ್ಯುತ್ ಇಲ್ಲದ್ದರಿಂದ ಅಲ್ಲ, ಎರಡೂ ಕಡೆ ಇರುವುದರಿಂದ! ಇಷ್ಟು ತಿಳಿದವರಿಗೆ ಉಳಿದದ್ದೆಲ್ಲ ತಾನೇ ಬಿಡಿಸಿಕೊಳ್ಳುತ್ತದೆ. ಡೈನಮೋ ಇರುವ ಕಾರು ಸಿಗ್ನಲ್ಲಿನಲ್ಲಿ ನಿಂತು ಗುರುಗುಟ್ಟುತ್ತಿರುವಾಗ ದೀಪ ಮಂಕಾಗಿ ಮಿನುಗಿದರೆ ಗಾಬರಿ ಬೇಡ. ಮೆಲ್ಲಗೆ ತಿರುಗುವ ಡೈನಮೋಗೆ ಬ್ಯಾಟರಿಯ ಮಟ್ಟ ಮುಟ್ಟಲು ಆಗುತ್ತಿಲ್ಲ, ಅಷ್ಟೆ. ಆದರೆ ಹೆದ್ದಾರಿಯಲ್ಲಿ ಓಡುತ್ತಿರುವಾಗ ದೀಪ ಪೂರ್ತಿ ಉರಿದರೆ ಡೈನಮೋ ನಿಂತಿದೆ ಎಂದೇ ಅರ್ಥ. ಹೆಚ್ಚಿನ ಸಲ ಅದಕ್ಕೆ ಕಾರಣ ಫ್ಯಾನ್ ಬೆಲ್ಟ್ ಹರಿದಿರುವುದು. ಆರಂಭದ ವರ್ಷಗಳ ಎಂಜಿಬಿಯಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ಫ್ಯಾನನ್ನೂ ತಿರುಗಿಸುತ್ತದೆ. ‘ಬ್ಯಾಟರಿ ತಾನೆ, ಊರು ತಲುಪಿದ ಮೇಲೆ ನೋಡೋಣ’ ಎಂದು ಮುಂದೆ ಹೋದವರು ಊರು ತಲುಪುವ ಮೊದಲೇ ನೀರು ಕುದಿಸಿ, ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡು ನಿಲ್ಲುತ್ತಾರೆ. ಆ ಕ್ಷಣದಲ್ಲಿ ನೋಡಬೇಕಾದದ್ದು ಪಕ್ಕದ ಉಷ್ಣತಾಮಾಪಕದ ಮುಳ್ಳನ್ನು. ಅದು ಏರುತ್ತಿದ್ದರೆ ಕೂಡಲೇ ರಸ್ತೆಯ ಅಂಚಿಗೆ ಸರಿಯಬೇಕು.

1967ರ ಕೊನೆಯಲ್ಲಿ ಎಂಜಿಬಿಗೆ ಡೈನಮೋ ಬದಲು ಆಲ್ಟರ್ನೇಟರ್ ಬಂತು. ಆಗ ಈ ದೀಪಕ್ಕೆ ಇನ್ನೊಂದು ಕೆಲಸವೂ ಗಂಟುಬಿತ್ತು. ಆಲ್ಟರ್ನೇಟರ್ ವಿದ್ಯುತ್ ಹುಟ್ಟಿಸಬೇಕಾದರೆ ಅದರ ಒಳಗಿನ ಸುರುಳಿಗೆ ಮೊದಲು ಚೂರು ವಿದ್ಯುತ್ ಸಿಗಬೇಕು. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಆ ಹೆಪ್ಪು ಬರುವುದು ಈ ಪುಟ್ಟ ಬಲ್ಬಿನ ಮೂಲಕ. ಬಲ್ಬು ಸುಟ್ಟುಹೋದರೆ ಫಲಕದಲ್ಲಿ ಯಾವ ಎಚ್ಚರಿಕೆಯೂ ಕಾಣುವುದಿಲ್ಲ, ಆಲ್ಟರ್ನೇಟರೂ ಸುಲಭಕ್ಕೆ ಎಚ್ಚರಗೊಳ್ಳುವುದಿಲ್ಲ. ಚಾಲಕ ನೆಮ್ಮದಿಯಿಂದ ಓಡಿಸುತ್ತಿರುತ್ತಾನೆ, ಬ್ಯಾಟರಿ ಬರಿದಾಗುತ್ತಿರುತ್ತದೆ. ಆದ್ದರಿಂದ ಕೀಲಿ ತಿರುಗಿಸಿ ಎಂಜಿನ್ ಶುರುಮಾಡುವ ಮೊದಲು ಒಂದು ಕ್ಷಣ ತಡೆದು, ಉರಿಯಬೇಕಾದ ದೀಪಗಳೆಲ್ಲ ಉರಿದವೇ ಎಂದು ನೋಡುವ ಅಭ್ಯಾಸವನ್ನು ಹಳೆಯ ಕಾರಿನವರು ಬಿಡುವುದಿಲ್ಲ. ಉರಿದ ದೀಪಕ್ಕಿಂತ ಉರಿಯದ ದೀಪವೇ ಅವರಿಗೆ ಹೆಚ್ಚು ಅನುಮಾನ. ಹೊಸದಾಗಿ ಲೈಸೆನ್ಸ್ ಪಡೆದ ಮಗ ಅಥವಾ ಮಗಳ ಪಕ್ಕದಲ್ಲಿ ಕೂರುವ ತಂದೆತಾಯಿಯರು ಹೊಸ ಕಾರಿನಲ್ಲೂ ಇದನ್ನು ಮಾಡಿಸಬಹುದು. ಕೀಲಿಯೋ ಗುಂಡಿಯೋ, ತತ್ವ ಒಂದೇ.

ಎಣ್ಣೆಯ ಮಾತು

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿಯಲಾಗುವುದು ಆಯಿಲ್ಲಿನ ಸೂಚನೆಯನ್ನು. ಎಣ್ಣೆಯ ಹೂಜಿಯ ಚಿತ್ರ ಕಂಡ ಕೂಡಲೇ ಆಯಿಲ್ ಕಡಿಮೆಯಾಗಿದೆ, ಮುಂದಿನ ಬಂಕಿನಲ್ಲಿ ಒಂದು ಲೀಟರ್ ಹಾಕಿಸಿದರಾಯಿತು ಎಂದುಕೊಳ್ಳುವವರೇ ಬಹಳ. ಆ ದೀಪ ಹೇಳುವುದು ಆಯಿಲ್ಲಿನ ಪ್ರಮಾಣವನ್ನಲ್ಲ, ಒತ್ತಡವನ್ನು. ಎಂಜಿನ್ನಿನ ಬೇರಿಂಗುಗಳು ಲೋಹದ ಮೇಲೆ ಲೋಹ ಉಜ್ಜಿಕೊಂಡು ತಿರುಗುವುದಿಲ್ಲ. ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪದರವೊಂದಿರುತ್ತದೆ. ಒತ್ತಡ ಹೋದರೆ ಪದರ ಹೋಯಿತು. ಆಮೇಲೆ ಎಂಜಿನ್ ಹಾಳಾಗಲು ಹೆಚ್ಚು ಹೊತ್ತು ಬೇಡ. ಓಡುತ್ತಿರುವಾಗ ಈ ಕೆಂಪು ದೀಪ ಉರಿದರೆ ಬಂಕಿನವರೆಗೆ ಹೋಗುವ ಪ್ರಶ್ನೆಯೇ ಇಲ್ಲ. ಕಾರನ್ನು ಸುರಕ್ಷಿತವಾಗಿ ಬದಿಗೆ ತಂದು ಎಂಜಿನ್ ಆರಿಸಬೇಕು.

ಎಂಜಿಬಿ ಇಲ್ಲಿ ಇಂದಿನ ಎಷ್ಟೋ ಕಾರುಗಳಿಗಿಂತ ಪ್ರಾಮಾಣಿಕ. ಅದು ದೀಪದ ಬದಲು ಮುಳ್ಳಿರುವ ಮಾಪಕವನ್ನೇ ಕೊಟ್ಟಿತು. ಬಿಸಿಯಾದ ಎಂಜಿನ್ ಓಡುತ್ತಿರುವಾಗ ಚದರ ಇಂಚಿಗೆ 50ರಿಂದ 80 ಪೌಂಡ್, ನಿಂತಲ್ಲೇ ಗುರುಗುಡುವಾಗ 10ರಿಂದ 25 ಪೌಂಡ್ ಇದ್ದರೆ ಎಲ್ಲ ಸರಿ. ಮೊದಲ ಸಲ ಓಡಿಸುವವರು ಸಿಗ್ನಲ್ಲಿನಲ್ಲಿ ಮುಳ್ಳು ಕುಸಿದದ್ದು ಕಂಡು ಬೆಚ್ಚುತ್ತಾರೆ, ಅದು ಸಹಜ. ಆದರೆ ಹೋದ ತಿಂಗಳು 60 ತೋರಿಸುತ್ತಿದ್ದ ಮುಳ್ಳು ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಈಗ 40 ತೋರಿಸುತ್ತಿದ್ದರೆ ಒಳಗೆ ಏನೋ ಸವೆಯುತ್ತಿದೆ. ದೀಪಕ್ಕೆ ಈ ನಡುವಿನ ಮಾತು ಬರುವುದಿಲ್ಲ. ಒತ್ತಡ ತೀರಾ ತಳಕ್ಕೆ ಬಿದ್ದಾಗ ಮಾತ್ರ ಅದು ಉರಿಯುತ್ತದೆ. ಮಾರ್ಕ್ಸ್ ಕಾರ್ಡಿಗೂ ‘ಫೇಲ್’ ಎಂಬ ಒಂದೇ ಪದಕ್ಕೂ ಇರುವ ವ್ಯತ್ಯಾಸ ಇದು. ಮೊದಲ ಮಾದರಿಗಳಲ್ಲಂತೂ ಸಣ್ಣದೊಂದು ಕೊಳವೆ ಎಂಜಿನ್ನಿನಿಂದ ನಿಜವಾದ ಎಣ್ಣೆಯನ್ನೇ ಫಲಕದ ಹಿಂದಕ್ಕೆ ತರುತ್ತಿತ್ತು. ಕೊಳವೆ ಸೋರಿದರೆ ಚಾಲಕನ ಪ್ಯಾಂಟಿನ ಮೇಲೂ ಒತ್ತಡದ ವರದಿ ಬರುತ್ತಿತ್ತೆನ್ನಿ!

ಅಮೆರಿಕದ ಕಾನೂನು ತಂದ ಸ್ವಿಚ್ಚುಗಳು

1968ರ ಜನವರಿ 1ರಂದು ಅಮೆರಿಕದಲ್ಲಿ ಹೊಸ ಕಾರುಗಳಿಗೆ ಸುರಕ್ಷತೆಯ ನಿಯಮಗಳು ಜಾರಿಗೆ ಬಂದವು. ಅಪಘಾತದಲ್ಲಿ ಮೊಣಕಾಲಿಗೋ ಮುಖಕ್ಕೋ ಚುಚ್ಚುವಂಥ ಸ್ವಿಚ್ಚುಗಳಿಗೆ ಅಲ್ಲಿ ಜಾಗವಿರಲಿಲ್ಲ. ಜಾಗ್ವಾರ್ ಇ-ಟೈಪಿನ ಚೂಪು ಸ್ವಿಚ್ಚುಗಳ ಸಾಲು ಹೋಗಿ ಚಪ್ಪಟೆ ಸ್ವಿಚ್ಚುಗಳು ಬಂದದ್ದು ಇದೇ ಕಾಲದಲ್ಲಿ. ಅಮೆರಿಕಕ್ಕೆ ಹೋಗುವ ಎಂಜಿಬಿಯ ಫಲಕದ ಮೇಲೆ ದಪ್ಪನೆಯ ಮೆತ್ತೆ ಕೂತಿತು. ಜನ ಅದಕ್ಕೆ ‘ಆಬಿಂಗ್ಡನ್ ದಿಂಬು’ ಎಂದು ಹೆಸರಿಟ್ಟರು.

ಅದರ ಜೊತೆಗೆ ಬಂದದ್ದು ಒತ್ತಿ ನೋಡುವ ಒಂದು ಬ್ರೇಕ್ ಸ್ವಿಚ್ಚು. ಒತ್ತಿದರೆ ಕೆಂಪು ದೀಪ! ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಹೊಸಬ ಅದನ್ನು ಒತ್ತಿ ಬ್ರೇಕೇ ಕೆಟ್ಟಿದೆಯೆಂದು ತಿಳಿದರೆ ಆಶ್ಚರ್ಯವಿಲ್ಲ. ನಿಜವಾಗಿ ಅದು ಶುಭಸೂಚನೆ. ಆ ಕಾರುಗಳಲ್ಲಿ ಮುಂದಿನ ಗಾಲಿಗಳಿಗೂ ಹಿಂದಿನ ಗಾಲಿಗಳಿಗೂ ಬ್ರೇಕಿನ ಬೇರೆಬೇರೆ ಕೊಳವೆಗಳಿವೆ. ಎರಡರ ನಡುವೆ ಸಣ್ಣದೊಂದು ಪಿಸ್ಟನ್ ಕೂತಿರುತ್ತದೆ. ಒಂದು ಕಡೆ ಒತ್ತಡ ಹೋದರೆ ಪಿಸ್ಟನ್ ಆ ಕಡೆಗೆ ಸರಿದು ಸ್ವಿಚ್ಚನ್ನು ಕೂಡಿಸಿ ದೀಪ ಹೊತ್ತಿಸುತ್ತದೆ; ತಕ್ಕಡಿಯ ಮುಳ್ಳು ವಾಲಿದ ಹಾಗೆ. ವರ್ಷಗಟ್ಟಲೆ ಉರಿಯುವ ಸಂದರ್ಭವೇ ಬಾರದ ದೀಪ ಬದುಕಿದೆಯೋ ಸತ್ತಿದೆಯೋ ತಿಳಿಯುವುದು ಹೇಗೆ? ಅದಕ್ಕಾಗಿಯೇ ಒತ್ತಿ ನೋಡುವ ಸೌಕರ್ಯ. ಒತ್ತಿದಾಗ ದೀಪ ಉರಿದರೆ ಬಲ್ಬು ಸರಿ. ಒತ್ತದೆಯೇ ಉರಿದರೆ ಕಾರನ್ನು ಮುಂದೆ ಓಡಿಸಬಾರದು.

ಇನ್ನೊಂದು ತಮಾಷೆ 1974ರ ಮಾದರಿಗಳದು. ಸೀಟ್ ಬೆಲ್ಟ್ ಕಟ್ಟದಿದ್ದರೆ ಎಂಜಿನ್ ಶುರುವೇ ಆಗಬಾರದೆಂದು ಅಮೆರಿಕದ ನಿಯಮ ಹೇಳಿತು. ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಇಟ್ಟರೂ ಕಾರು ಅದನ್ನು ಮನುಷ್ಯನೆಂದು ತಿಳಿದು ಮುಷ್ಕರ ಹೂಡುತ್ತಿತ್ತು. ಜನ ರೇಗಿದರು, ಅದೇ ವರ್ಷ ಅಲ್ಲಿನ ಸಂಸತ್ತು ನಿಯಮವನ್ನು ಕಿತ್ತುಹಾಕಿತು. ಆ ವರ್ಷದ ಕಾರು ಇಂದಿಗೂ ಸುಮ್ಮನೆ ಹಟ ಮಾಡಿದರೆ ಮೆಕ್ಯಾನಿಕ್ ಎಂಜಿನ್ ಬಿಚ್ಚುವ ಮೊದಲು ಸೀಟಿನ ಅಡಿ ನೋಡುವುದು ಒಳ್ಳೆಯದು.

ಚೋಕ್ ಗುಬುಟಿನ ವಿಷಯ ಸರಳ. ತಣ್ಣಗಿನ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಬೇಕು, ಎಳೆಯಬೇಕು. ಬಿಸಿಯಾದ ಮೇಲೆ ಒಳಗೆ ತಳ್ಳಬೇಕು. ಮರೆತರೆ ಹೆಚ್ಚಿನ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಹಾಕುತ್ತದೆ. ನೆಲದ ಮೇಲಿನ ಡಿಪ್ ಸ್ವಿಚ್ಚು ಹಳೆಯ ಜೀಪು ಓಡಿಸಿದವರಿಗೆ ಹೊಸದೇನಲ್ಲ.

ಓವರ್‌ಡ್ರೈವ್ ಸ್ವಿಚ್ಚು ಮಾತ್ರ ಒಗಟು. ಮೊದಲನೇ ಗೇರಿನಲ್ಲಿ ಹಾಕಿದರೆ ಏನೂ ಆಗುವುದಿಲ್ಲ, ಹಾಗೆಂದು ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಗೇರ್‌ಬಾಕ್ಸಿನ ಮೇಲೆ ಕಾವಲುಗಾರನಂತೆ ಇನ್ನೊಂದು ಸ್ವಿಚ್ಚು ಕೂತಿದೆ. ಮೊದಮೊದಲ ಕಾರುಗಳಲ್ಲಿ ಮೂರು ಮತ್ತು ನಾಲ್ಕನೇ ಗೇರಿಗೆ ಬಂದಾಗ ಮಾತ್ರ ಅದು ದಾರಿ ಬಿಡುತ್ತದೆ. ಆಗ ಎಂಜಿನ್ನಿನ ಸುತ್ತು ಸುಮಾರು ಐದರಲ್ಲೊಂದು ಭಾಗ ಇಳಿಯುತ್ತದೆ. ನಿಮಿಷಕ್ಕೆ 4000 ಸುತ್ತು ತೋರಿಸುತ್ತಿದ್ದ ಮುಳ್ಳು 3200ರ ಆಸುಪಾಸಿಗೆ ಬರುತ್ತದೆ, ಕಾರಿನ ವೇಗ ಅಷ್ಟೇ ಇರುತ್ತದೆ. ಸ್ವಿಚ್ಚು ಕೆಲಸ ಮಾಡುತ್ತಿದೆಯೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಯಾರೋ ಸೇರಿಸಿದ ಸ್ವಿಚ್ಚು

ಐವತ್ತು ವರ್ಷ ದಾಟಿದ ಕಾರಿನಲ್ಲಿ ಪುಸ್ತಕಕ್ಕೆ ಸಿಗದ ಸ್ವಿಚ್ಚೂ ಒಂದಾದರೂ ಇರುತ್ತದೆ. ಹಿಂದಿನ ಯಾರೋ ಮಾಲೀಕ ಮಂಜುದೀಪವನ್ನೋ ರೇಡಿಯೋವನ್ನೋ ಕೂಡಿಸಿ, ಮುಂದಿನವನಿಗೆ ಹೇಳದೆ ಮಾರಿ ಹೋಗಿರುತ್ತಾನೆ. ಏನಾಗುತ್ತದೋ ನೋಡೋಣ ಎಂದು ಒತ್ತುವುದು ಮಕ್ಕಳಾಟ. ತಿಳಿದವರು ಫಲಕದ ಹಿಂದೆ ಟಾರ್ಚ್ ಬಿಟ್ಟು ತಂತಿಯ ಬಣ್ಣ ನೋಡುತ್ತಾರೆ.

ಬ್ರಿಟಿಷ್ ಕಾರುಗಳ ವಿದ್ಯುತ್ ಸಾಮಾನು ಬಹುಪಾಲು ಲ್ಯೂಕಾಸ್ ಕಂಪನಿಯದು. ಅದೇ ಲ್ಯೂಕಾಸ್ ನಮ್ಮ ಟಿವಿಎಸ್ ಜೊತೆ ಸೇರಿ ಮದರಾಸಿನಲ್ಲೂ ಕಾರ್ಖಾನೆ ಕಟ್ಟಿತ್ತು. ಅವರ ತಂತಿಗಳಿಗೆ ಬಣ್ಣದ ಒಂದು ವ್ಯಾಕರಣವೇ ಇದೆ. ಕಂದು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು, ಕೀಲಿ ತೆಗೆದರೂ ಜೀವಂತ. ಬಿಳಿ, ಕೀಲಿ ತಿರುಗಿಸಿದ ಮೇಲೆ ಬರುವುದು. ಅದೇ ಫ್ಯೂಸ್ ದಾಟಿದ ಮೇಲೆ ಹಸಿರು. ನೇರಳೆ, ಫ್ಯೂಸ್ ಇದ್ದರೂ ಕೀಲಿಯ ಹಂಗಿಲ್ಲದ್ದು, ಹಾರನ್ನಿನಂಥವಕ್ಕೆ. ನೀಲಿ ಹೆಡ್‌ಲೈಟಿಗೆ, ಕೆಂಪು ಚಿಕ್ಕ ದೀಪಗಳಿಗೆ, ಕಪ್ಪು ಅರ್ತ್. ಮೊದಲು ಹೇಳಿದ ಇಗ್ನಿಷನ್ ದೀಪದಿಂದ ಹೊರಟ ತಂತಿ ಕಂದು ಮೈ, ಹಳದಿ ಗೀಟು. ಈ ವ್ಯಾಕರಣಕ್ಕೆ ಒಗ್ಗದ ಬಣ್ಣದ ತಂತಿ ಸಿಕ್ಕಿತೆಂದರೆ ಅದು ಕಾರ್ಖಾನೆಯದಲ್ಲ. ಅದರ ಇನ್ನೊಂದು ತುದಿ ಎಲ್ಲಿದೆಯೆಂದು ಹುಡುಕುವ ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕು. ಎಂಜಿಬಿಯಲ್ಲಿ ಬ್ಯಾಟರಿಗೂ ಹುಡುಕಾಟವೇ: 1974ರವರೆಗೆ ಆರು ವೋಲ್ಟಿನ ಎರಡು ಬ್ಯಾಟರಿಗಳು ಸೀಟಿನ ಹಿಂದೆ ಅಡಗಿರುತ್ತಿದ್ದವು. 1967ರ ಹಿಂದಿನ ಕಾರಾದರೆ ಅವುಗಳ ಧನಾಗ್ರವೇ ಅರ್ತ್. ಇದನ್ನರಿಯದೆ ಇಂದಿನ ರೇಡಿಯೋ ಜೋಡಿಸಿದರೆ ಹೊಗೆ ಬರುವುದು ಖಂಡಿತ.

ಫ್ಯೂಸಿನಲ್ಲೂ ಒಂದು ಮೋಸವಿದೆ. ಮೊದಲ ಎಂಜಿಬಿಗಳಲ್ಲಿ ಇಡೀ ಕಾರಿಗೆ ಕೆಲಸ ಮಾಡುವ ಫ್ಯೂಸು ಎರಡೇ. ಗಾಜಿನ ಆ ಫ್ಯೂಸಿನ ಮೇಲೆ 35 ಆಂಪ್ ಎಂದಿರುತ್ತದೆ. ಬ್ರಿಟಿಷರ ಲೆಕ್ಕದಲ್ಲಿ ಅದು ಫ್ಯೂಸು ಸುಡುವ ಮಟ್ಟ, ಸತತವಾಗಿ ತಾಳುವುದು 17 ಆಂಪ್ ಮಾತ್ರ. ಅಮೆರಿಕದ ಲೆಕ್ಕದಲ್ಲಿ 35 ಎಂದರೆ ಸತತವಾಗಿ 35ರ ಆಸುಪಾಸು ತಾಳುವಂಥದ್ದು. ಅಂಗಡಿಯಲ್ಲಿ ಸಂಖ್ಯೆಯನ್ನಷ್ಟೇ ನೋಡಿ ಅಮೆರಿಕದ ಫ್ಯೂಸು ಕೊಂಡು ತಂದು ಹಾಕಿದರೆ, ಏನಾದರೂ ತಪ್ಪಾದಾಗ ಫ್ಯೂಸು ಗಟ್ಟಿಯಾಗಿ ಕೂತಿರುತ್ತದೆ. ಅದರ ಬದಲು ಫಲಕದ ಹಿಂದಿನ ಹಸಿರು ತಂತಿ ಕರಗುತ್ತದೆ.