ಹಾಲಕ್ಕಿ ನುಡಿದದ್ದಲ್ಲ, ನಾನು ಹೇಳಿದ್ದು!

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಯಿತೆಂದರೆ ನಮ್ಮ ಸೀತೂರಿನ ಒಂಟಿಮನೆಗಳಿಗೆ ನೆಂಟರಲ್ಲದ ನೆಂಟರು ಬರುತ್ತಿದ್ದರು. ಮಲಾರ ಹೊತ್ತ ಬಳೆಗಾರ, ಕೋಲೆಬಸವನನ್ನು ಕರೆತರುವವರು, ಬೆಳಗಿನ ಜಾವದ ಬುಡಬುಡಿಕೆಯವನು.

ಬಳೆಗಾರ ಬಂದರೆ ಹೆಂಗಸರಿಗೆ ಹಬ್ಬ. ತೊಡಿಸುವಾಗ ಬಳೆ ಚೂರಾದರೆ ‘ಒಡೆಯಿತು’ ಎನ್ನುವಂತಿಲ್ಲ, ‘ಹೆಚ್ಚಿತು’ ಎನ್ನಬೇಕು. ಸಂಜೆ ದೀಪ ಹಚ್ಚಿದ ಮೇಲೆ ಮೊಸರು, ಉಪ್ಪು, ಸೂಜಿಯನ್ನು ಯಾರಿಗೂ ಕೊಡುವಂತಿಲ್ಲ. ಇವೆಲ್ಲ ಅಜ್ಜಿಯ ಕಾನೂನು.

ಬುಡಬುಡಿಕೆಯವನೆಂದರೆ ಮಾತ್ರ ನಮಗೆ ಭಯ. ದೊಡ್ಡ ರುಮಾಲು, ಹಳೇ ಕೋಟು, ಹೆಗಲ ತುಂಬ ಜನ ಕೊಟ್ಟ ಬಟ್ಟೆ. ಹಾಲಕ್ಕಿಯ ಕೂಗು ಕೇಳಿ ಅವನು ಭವಿಷ್ಯ ಹೇಳುತ್ತಾನೆಂಬ ನಂಬಿಕೆ. ಮಕ್ಕಳೇ, ಹಾಲಕ್ಕಿ ಎಂದರೆ ಮರದ ಪೊಟರೆಯಲ್ಲಿರುವ ಒಂದು ಪುಟ್ಟ ಗೂಬೆ.

ನಾನಾಗ ಮೂರನೇ ಕ್ಲಾಸು. ಅಜ್ಜನಿಗೆ ಜ್ವರ. ಕತ್ತಲು ಹರಿಯುವ ಮೊದಲೇ ಅಂಗಳದಲ್ಲಿ ಬುಡಬುಡಿಕೆ ಸದ್ದು. “ಒಳಗೆ ಹಿರಿಜೀವ ನರಳ್ತಿದೆ, ಕೊಟ್ಟಿಗೇಲಿ ಕೆಂದ ದನ ಗಬ್ಬ ಇದೆ” ಎಂದ. ಅಜ್ಜಿ ಬೆರಗಾಗಿ ಅಕ್ಕಿ ಕೊಟ್ಟಳು. ಡಾಕ್ಟರಿಗೆಂದು ಡಬ್ಬಿಯಲ್ಲಿಟ್ಟಿದ್ದ ದುಡ್ಡು ಕೊಟ್ಟು ತಾಯತವನ್ನೂ ಕಟ್ಟಿಸಿದಳು.

ಕಿಟಕಿಯಲ್ಲಿದ್ದ ನನಗೆ ಆ ದನಿಯ ಗುರುತು ಸಿಕ್ಕಿತು. ಹಿಂದಿನ ಸಂಜೆ ಶಾಲೆಯ ದಾರಿಯಲ್ಲಿ ಬೀಡುಬಿಟ್ಟಿದ್ದವನು “ಯಾವ ಮನೆ ಮಗು?” ಎಂದು ಕೇಳಿದಾಗ, ಅಜ್ಜನ ಜ್ವರ, ದನದ ಗಬ್ಬ ಎಲ್ಲವನ್ನೂ ವದರಿದ್ದು ನಾನೇ!

ಬೈಗುಳದ ಹೆದರಿಕೆಗೆ ಎರಡು ದಿನ ಸುಮ್ಮನಿದ್ದೆ. ಜ್ವರ ಏರಿತು. ಮೂರನೇ ದಿನ ಅಳುತ್ತ ಬಾಯಿಬಿಟ್ಟೆ. ಅಜ್ಜಿ ಬೈಯಲಿಲ್ಲ. ಪಕ್ಕದ ಮನೆಯಲ್ಲಿ ಸಾಲ ತಂದು, ಅಂದೇ ಅಜ್ಜನನ್ನು ಕೊಪ್ಪಕ್ಕೆ ಕರೆದೊಯ್ದಳು. ಇಂಜೆಕ್ಷನ್, ಮಾತ್ರೆಗಳಿಂದ ಅಜ್ಜ ಚೇತರಿಸಿಕೊಂಡ.

ಮರುವರ್ಷ ಅವನು ಮತ್ತೆ ಬಂದ. ಬಾಗಿಲು ಹಾಕುತ್ತಾಳೆಂದುಕೊಂಡಿದ್ದೆ. ಅಜ್ಜಿ ಸೇರು ತುಂಬ ಅಕ್ಕಿ, ಅಜ್ಜನ ಹಳೇ ಶಾಲು ಕೊಟ್ಟು, “ತಾಯತ ಬೇಡ ಮಾರಾಯ” ಎಂದಳು. ನನಗೆ ಹೇಳಿದಳು: “ಅಕ್ಕಿ ಅವನ ಹಸಿವಿಗೆ. ಜ್ವರಕ್ಕೆ ಡಾಕ್ಟರಿದ್ದಾರೆ.”

ಇಂಥ ನಂಬಿಕೆ ನಮ್ಮೂರಿನದಷ್ಟೇ ಅಲ್ಲ. ದೂರದ ಐರ್ಲೆಂಡಿನ ಹಳ್ಳಿಗಳಲ್ಲೂ ಮೇ 1ರಂದು ಹಾಲು, ಬೆಣ್ಣೆ, ಬೆಂಕಿಯನ್ನು ಮನೆಯಿಂದಾಚೆ ಕೊಡುತ್ತಿರಲಿಲ್ಲವಂತೆ. 1937ರಿಂದ 1939ರವರೆಗೆ ಅಲ್ಲಿನ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಊರಿನ ಹಿರಿಯರನ್ನು ಕೇಳಿ ಶಕುನ, ಕಥೆ, ಮದ್ದು, ಅಲೆಮಾರಿಗಳ ಸುದ್ದಿಯನ್ನೆಲ್ಲ ಬರೆದಿಟ್ಟರು. ಆ ಪುಟಗಳು ಇಂದಿಗೂ ಇವೆ.

ನಮ್ಮಲ್ಲಿ ಬುಡಬುಡಿಕೆ ಸದ್ದು ಅಪರೂಪವಾಗಿದೆ. ಮಕ್ಕಳೇ, ಈ ಭಾನುವಾರ ಒಂದು ನೋಟ್‌ಬುಕ್ ಹಿಡಿದು ಅಜ್ಜ-ಅಜ್ಜಿಯ ಪಕ್ಕ ಕೂತುಕೊಳ್ಳಿ. ಅಜ್ಜ-ಅಜ್ಜಿಯರೇ, ಮೋಸಹೋದ ಕಥೆಯನ್ನೂ ಮುಚ್ಚಿಡದೆ ಹೇಳಿಬಿಡಿ!