ಕಲ್ಲಾಗಿ ಉಳಿದ ಉಳುಮೆ

ಮೆತ್ತನೆ ಮೈಯ ಹುಳು ಸತ್ತರೆ ಸಾಮಾನ್ಯವಾಗಿ ಏನೂ ಉಳಿಯುವುದಿಲ್ಲ. ಮೂಳೆಯಿಲ್ಲ, ಚಿಪ್ಪಿಲ್ಲ. ಆದರೆ ಅದು ಕಡಲತಳದ ಕೆಸರಿನಲ್ಲಿ ತೋಡಿದ ಬಿಲಕ್ಕೆ ಮರಳು ತುಂಬಿ, ಕಾಲಾಂತರದಲ್ಲಿ ಕಲ್ಲಾದರೆ ಆ ಹುಳುವಿನ ಹೊಟ್ಟೆಪಾಡು ಹೇಗೆ ನಡೆಯುತ್ತಿತ್ತೆಂದು ಇಂದಿಗೂ ಓದಬಹುದು. ಚಿಪ್ಪನ್ನು ಅಲೆ ಎಲ್ಲಿಗಾದರೂ ಎಳೆದೊಯ್ದೀತು; ಬಿಲ ಮಾತ್ರ ತೋಡಿದ ಜಾಗದಲ್ಲೇ ಇರುತ್ತದೆ. ಹಾಗಾಗಿ ಬಿಲದ ಸಾಕ್ಷಿಯನ್ನು ನಾನು ಹೆಚ್ಚು ನಂಬುತ್ತೇನೆ.

ಸ್ಕಾಟ್ಲೆಂಡಿನ ವಾಯವ್ಯ ಭಾಗದಲ್ಲಿ ‘ಪೈಪ್ ರಾಕ್’ ಎಂಬ ಬಂಡೆಪದರವಿದೆ. ವಯಸ್ಸು 50 ಕೋಟಿ ವರ್ಷಕ್ಕೂ ಹೆಚ್ಚು. ಅದರ ತುಂಬ ನೆಟ್ಟಗೆ ಇಳಿದ ಕೊಳವೆಗಳು, ಒಂದರ ಪಕ್ಕ ಒಂದು. ಅದು ಆಗ ಆಳವಿಲ್ಲದ, ಅಲೆ ಬಡಿಯುವ ಮರಳ ಕಡಲು. ಅಂಥ ಕಡೆ ಆಹಾರದ ಕಣಗಳು ನೀರಿನಲ್ಲೇ ತೇಲುತ್ತಿರುತ್ತವೆ. ಬಿಲದಲ್ಲಿ ಕೂತು ಬಂದದ್ದನ್ನು ಸೋಸಿಕೊಂಡರೆ ಸಾಕು, ಅಲೆಯುವ ಕೆಲಸವಿಲ್ಲ.

ಆಳದ ಕಡಲಲ್ಲಿ ಈ ಸುಖವಿಲ್ಲ. ಮೇಲಿನಿಂದ ಉದುರಿದ ಚೂರುಪಾರು ಕೆಸರಿನ ಮೇಲೆ ತೆಳ್ಳಗೆ ಹರಡಿರುತ್ತದೆ. ಒಮ್ಮೆ ತಿಂದ ಜಾಗಕ್ಕೆ ಮತ್ತೆ ಹೋದರೆ ಶ್ರಮ ದಂಡ. ಇಂಥ ಕೆಸರು ಗಟ್ಟಿಯಾದ ಕಲ್ಲುಗಳಲ್ಲಿ ಕಾಣುವ ಗುರುತುಗಳು ನಮ್ಮ ಹೊಲದ ಸಾಲುಗಳ ಹಾಗೆಯೇ ಇವೆ: ಬದುವಿನವರೆಗೆ ಹೋಗಿ, ಎತ್ತು ತಿರುಗಿಸಿ, ಹಿಂದಿನ ಸಾಲಿಗೆ ಒತ್ತಿಕೊಂಡೇ ಮರಳುವುದು. ಒಂದು ಸಾಲು ಇನ್ನೊಂದನ್ನು ದಾಟುವುದಿಲ್ಲ, ನಡುವೆ ಜಾಗವೂ ಪೋಲಾಗುವುದಿಲ್ಲ.

ಇಷ್ಟು ಲೆಕ್ಕಾಚಾರ ಹುಳುವಿಗೆ ಎಲ್ಲಿಂದ ಬಂತು? ಜರ್ಮನಿಯ ಅಡಾಲ್ಫ್ ಸೈಲಾಕರ್ ಜೀವಮಾನವಿಡೀ ಇಂಥ ಗುರುತುಗಳನ್ನೇ ಓದಿದವರು. 1969ರಲ್ಲಿ ಅವರು ಪಳೆಯುಳಿಕೆ ವಿಜ್ಞಾನಿ ಡೇವಿಡ್ ರಾಪ್ ಜೊತೆ ಸೇರಿ ಕಂಪ್ಯೂಟರಿಗೆ ಕೆಲವೇ ನಿಯಮ ಕೊಟ್ಟರು: ಹಳೆಯ ಜಾಡನ್ನು ದಾಟಬೇಡ, ಅದರಿಂದ ದೂರ ಹೋಗಬೇಡ, ಆಗಾಗ ಪೂರ್ತಿ ತಿರುಗು. ಯಂತ್ರ ಗೀಚಿದ ಗೆರೆ ಕಲ್ಲಿನ ಗೆರೆಯನ್ನೇ ಹೋಲಿತು. ಹುಳು ಇಡೀ ಹೊಲದ ನಕ್ಷೆ ತಿಳಿದಿರಬೇಕಿಲ್ಲ, ಪಕ್ಕದ ಸಾಲಿನ ಅರಿವಿದ್ದರೆ ಸಾಕು. ನನಗೆ, ಕಲ್ಲಾದ ಜಾಡುಗಳನ್ನು ಓದುವ ವಿಜ್ಞಾನಶಾಖೆಯ ಅತ್ಯಂತ ಸುಂದರ ಉತ್ತರ ಇದೇ.

ಆದರೆ ಪೇಲಿಯೋಡಿಕ್ಟಿಯಾನ್ ಎಂಬ ಗುರುತು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಜೇನುಹಟ್ಟಿಯಂತೆ ಆರು ಮೂಲೆಯ ಕಣ್ಣುಗಳಿರುವ ಸುರಂಗಗಳ ಬಲೆ. ಕೆಸರು ತಿನ್ನುವುದಷ್ಟೇ ಉದ್ದೇಶವಾಗಿದ್ದರೆ ಇಷ್ಟು ಅಚ್ಚುಕಟ್ಟಾದ ಸುರಂಗ ಕಟ್ಟಿ, ಅದನ್ನು ರಂಧ್ರಗಳ ಮೂಲಕ ಮೇಲಕ್ಕೆ ತೆರೆದಿಡುವ ಅಗತ್ಯವಿರಲಿಲ್ಲ. ಒಳಗೆ ಸೂಕ್ಷ್ಮಜೀವಿಗಳನ್ನು ಬೆಳೆಸಿ ತಿನ್ನುವ ಸಾಗುವಳಿ ಇದು ಎಂದು ಸೈಲಾಕರ್ ಊಹಿಸಿದರು.

1976ರಲ್ಲಿ ಸಾಗರವಿಜ್ಞಾನಿ ಪೀಟರ್ ರೋನಾ ತಂಡದ ಕ್ಯಾಮೆರಾ ಅಟ್ಲಾಂಟಿಕ್ ತಳದಲ್ಲಿ, ಸುಮಾರು 3,500 ಮೀಟರ್ ಆಳದಲ್ಲಿ, ಇದೇ ವಿನ್ಯಾಸದ ರಂಧ್ರಗಳ ಸಾಲುಗಳನ್ನು ಸೆರೆಹಿಡಿಯಿತು. ಮುಂದೆ ವಿಜ್ಞಾನಿಗಳು ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಇಳಿದು ಮೇಲಿನ ಕೆಸರನ್ನು ಮೆಲ್ಲಗೆ ಸರಿಸಿದರು. ಕೆಳಗೆ ಆ ಷಟ್ಕೋನದ ಬಲೆ ಹಾಗೆಯೇ ಇತ್ತು. ಕಟ್ಟಿದ ಪ್ರಾಣಿ ಮಾತ್ರ ಅಲ್ಲಿ ಸಿಗಲಿಲ್ಲ.